ಮಣ್ಣಿನ ಗೋಡೆಗೆ ಸಿಮೆಂಟಿನ ತೇಪೆ

ಹಳೇ ಮನೆ ರಿಪೇರಿಯ ಬಗ್ಗೆ ಬರೆಯಿರಿ ಎಂದು ಕೇಳುವವರು ಹೆಚ್ಚುತ್ತಲೇ ಇದ್ದಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ಬರುವ ಪತ್ರಗಳಲ್ಲಂತೂ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ತಾತನ ಕಾಲದ ಮಣ್ಣಿನ ಗೋಡೆಯ ಹೆಂಚಿನ ಮನೆ ಇದೆ. ಗೋಡೆಯ ಬುಡ ಉದುರುತ್ತಿದೆ, ಮಾಡು ಸೋರುತ್ತಿದೆ. ಮೇಸ್ತ್ರಿಯನ್ನು ಕರೆದರೆ ಬರುವುದಿಲ್ಲ, ಬಂದರೆ "ಇದನ್ನ ಕೆಡವಿ ಮೋಲ್ಡ್ ಹಾಕ್ಸಿಬಿಡಿ ಸಾರ್" ಅನ್ನುತ್ತಾರೆ. ಹೊಸ ಮನೆ ಕಟ್ಟಿಸುವ ಶಕ್ತಿ ಸದ್ಯಕ್ಕಿಲ್ಲ, ಹಳೆಯದನ್ನು ಬಿಡುವ ಮನಸ್ಸೂ ಇಲ್ಲ. ನಾವೇ ಕೈ ಹಾಕಿದರೆ ಆದೀತೇ?

ಶೆಟ್ಟಿಕೆರೆಯ ನಮ್ಮ ಮನೆಯೂ ಅಂಥದೇ. ಕಲ್ಲಿನ ತಳಪಾಯ, ಅದರ ಮೇಲೆ ದಪ್ಪನೆಯ ಮಣ್ಣಿನ ಗೋಡೆ, ನಡುವೆ ಸಣ್ಣ ತೊಟ್ಟಿ, ಸುತ್ತ ಪಡಸಾಲೆ, ಮೇಲೆ ಕೊಬ್ಬರಿಯ ಅಟ್ಟ, ಅದರ ಮೇಲೆ ಮಂಗಳೂರು ಹೆಂಚು. ನಾನು ಮೇಷ್ಟರ ಕೆಲಸ ಮಾಡಿದವನು. ಕರಣೆ, ಸುತ್ತಿಗೆ, ರಸಮಟ್ಟ ಹಿಡಿಯಬೇಕೆಂಬ ಆಸೆ ಎಂದೂ ಇರಲಿಲ್ಲ, ಈಗಲೂ ಇಲ್ಲ. ಹಿಡಿಯಲೇಬೇಕಾಗಿ ಬಂದಿದೆ. ಹೀಗೆ ಮನಸ್ಸಿಲ್ಲದೆ ಕೈ ಹಾಕಿದವರು ನಮ್ಮ ಸುತ್ತಲ ಹಳ್ಳಿಗಳಲ್ಲಿ ಬಹಳ ಜನ. ಹಚ್ಚಿದ್ದು ನಿಲ್ಲುವುದಿಲ್ಲ, ಹೊಡೆದ ಮೊಳೆ ಹಿಡಿಯುವುದಿಲ್ಲ, ಒಂದು ಕಡೆ ಸೋರಿಕೆ ನಿಲ್ಲಿಸಿದರೆ ಇನ್ನೊಂದು ಕಡೆ ಹನಿಯುತ್ತದೆ. ಕೈ ಪಳಗಿಲ್ಲ, ಅದಕ್ಕೇ ಹೀಗೆ ಎಂದು ಅವರು ಬೇಸರಪಟ್ಟುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಇಂದು ಸಿಗುವ ಸಾಮಾನೆಲ್ಲ ಕಾಂಕ್ರೀಟ್ ಮನೆಗೆಂದು ತಯಾರಾದದ್ದು. ನಮ್ಮ ಮನೆ ಇರುವುದು ಮಣ್ಣು, ಸುಣ್ಣ, ತೆಂಗಿನ ತೊಲೆ, ಸುಟ್ಟ ಹೆಂಚುಗಳಲ್ಲಿ. ಒಂದಕ್ಕೊಂದು ಒಗ್ಗದ ಈ ಎರಡನ್ನು ಸೇರಿಸಲು ಹೊರಟರೆ ಪಳಗಿದ ಕೈಯೂ ಸೋಲುತ್ತದೆ.

ಮೇಸ್ತ್ರಿಗಳ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಗಾರೆ ಕೆಲಸದವರಿಗೆ ಹೊಸ ಮನೆಯೊಂದು ಸಿಕ್ಕರೆ ತಿಂಗಳುಗಟ್ಟಲೆ ಕೂಲಿ ಖಾತರಿ. ಅಂಗೈಯಗಲ ಉದುರಿದ ಗೋಡೆ ಮುಚ್ಚಲು ಬಂದರೆ ಅರ್ಧ ದಿನದ ಕೆಲಸ, ಉಳಿದರ್ಧ ದಿನ ಖಾಲಿ. ಬೆಂಗಳೂರು, ತುಮಕೂರಿನ ಕಟ್ಟಡಗಳಲ್ಲಿ ಕಲಿತು ಬಂದ ಹುಡುಗರಿಗೆ ಸಿಮೆಂಟು ಗೊತ್ತು, ಕಂಬಿ ಕಟ್ಟುವುದು ಗೊತ್ತು, ಟೈಲ್ಸ್ ಕೂರಿಸುವುದು ಗೊತ್ತು. ಮಣ್ಣು ಹದ ಮಾಡುವುದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ತಿಳಿಯದ ಕೆಲಸ ಒಪ್ಪಿಕೊಳ್ಳದಿರುವುದು ಅವರ ಪ್ರಾಮಾಣಿಕತೆ ಎಂದೇ ನಾನು ತಿಳಿಯುತ್ತೇನೆ.

ಇನ್ನೊಂದು ಮಾತೂ ಇದೆ. ಈ ಮನೆಗಳ ರಿಪೇರಿಗೆ ಮೇಸ್ತ್ರಿ ಬೇಕಾಗುತ್ತಿದ್ದದ್ದೇ ಅಪರೂಪ. ಹಬ್ಬ ಬಂತೆಂದರೆ ಮನೆಯ ಹೆಂಗಸರು ಗೋಡೆಯ ಬಿರುಕಿಗೆ ಮಣ್ಣು ಮೆತ್ತಿ, ಸಗಣಿ ಸಾರಿಸಿ, ಬುಡಕ್ಕೆ ಕೆಮ್ಮಣ್ಣು ಬಳಿದು, ಮೇಲೆ ಸುಣ್ಣ ಹೊಡೆಯುತ್ತಿದ್ದರು. ಅದನ್ನು ಯಾರೂ ರಿಪೇರಿ ಎಂದು ಕರೆಯಲಿಲ್ಲ, ಅದಕ್ಕೊಂದು ವಿದ್ಯೆಯ ಗೌರವವನ್ನೂ ಕೊಡಲಿಲ್ಲ. ವರ್ಷಕ್ಕೊಮ್ಮೆಯೋ ಎರಡು ಸಲವೋ ತಪ್ಪದೆ ನಡೆಯುತ್ತಿದ್ದ ಆ ಕೆಲಸ ಗೋಡೆಯನ್ನು ಕಾಯುತ್ತಿತ್ತು. ನೆಲಕ್ಕೆ ಟೈಲ್ಸ್ ಬಂತು, ಗೋಡೆಗೆ ಡಿಸ್ಟೆಂಪರ್ ಬಂತು, ಆ ದುಡಿಮೆ ನಿಂತಿತು. ಹೆಂಗಸರ ಬೆನ್ನಿಗೆ ಬಿಡುವು ಸಿಕ್ಕಿದ್ದು ಒಳ್ಳೆಯದೇ. ಆದರೆ ಅವರು ಬಿಟ್ಟ ಕೆಲಸವನ್ನು ಮನೆಯ ಗಂಡಸರು ಎತ್ತಿಕೊಳ್ಳಲಿಲ್ಲ. ಇಪ್ಪತ್ತು ಮೂವತ್ತು ವರ್ಷ ಕೈ ಸೋಕದೆ ಉಳಿದ ಗೋಡೆ ಈಗ ಒಮ್ಮೆಲೇ ಉದುರುತ್ತಿದೆ. ಗೊತ್ತಿದ್ದವರನ್ನು ಕೇಳಬೇಕೆಂದಿದ್ದರೆ ಮೊದಲು ಮನೆಯ ಅಜ್ಜಿಯನ್ನು ಕೇಳಿ, ಆಮೇಲೆ ಅಂಗಡಿಯವರನ್ನು.

ಗೋಡೆಯ ಬುಡ ಉದುರುವುದು ಯಾಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹೆಚ್ಚಿನ ನಷ್ಟ ಆಗುತ್ತಿರುವುದು ಅಲ್ಲೇ. ಮಣ್ಣಿನ ಕಣಗಳ ನಡುವೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ. ನೆಲದ ತೇವ ಆ ಸಂದುಗಳ ಮೂಲಕ ತಾನಾಗಿ ಮೇಲಕ್ಕೆ ಏರುತ್ತದೆ. ಹೊರಮೈ ಮಣ್ಣಿನದೋ ಸುಣ್ಣದ್ದೋ ಆಗಿದ್ದರೆ ಏರಿದ ನೀರು ಅಲ್ಲಲ್ಲೇ ಆವಿಯಾಗಿ ಹೋಗುತ್ತದೆ. ಒಂದಡಿ ಏರುವಷ್ಟರಲ್ಲಿ ಗೋಡೆ ಮತ್ತೆ ಒಣಗಿರುತ್ತದೆ. ಮಳೆಗಾಲದಲ್ಲಿ ಸ್ವಲ್ಪ ಕಪ್ಪಾಗಿ, ಬೇಸಗೆಯಲ್ಲಿ ತಿಳಿಯಾಗುವ ಗೋಡೆ ಆರೋಗ್ಯವಾಗಿಯೇ ಇದೆ ಎಂದು ಅರ್ಥ. ಈಗ ಅದೇ ಬುಡಕ್ಕೆ ಮೂರಡಿ ಎತ್ತರ ಸಿಮೆಂಟ್ ಪ್ಲಾಸ್ಟರ್ ಪಟ್ಟಿ ಹೊಡೆಸುತ್ತೇವೆ. ನಮ್ಮ ಕಡೆ ಬಹುತೇಕ ಮನೆಗಳಲ್ಲಿ ಈ ಪಟ್ಟಿ ಕಾಣುತ್ತದೆ. ನೀರು ಸಿಡಿದರೂ ಗೋಡೆಗೆ ಏನೂ ಆಗಬಾರದು ಎಂಬ ಒಳ್ಳೆಯ ಉದ್ದೇಶದಿಂದಲೇ ಹೊಡೆಸಿದ್ದು. ಹೊರಗಿನ ನೀರನ್ನು ಅದು ತಡೆಯುತ್ತದೆ ನಿಜ. ಒಳಗೆ ಏರಿ ಬಂದ ನೀರನ್ನೂ ಹೊರಗೆ ಬಿಡುವುದಿಲ್ಲ. ದಾರಿ ಸಿಗದ ತೇವ ಪಟ್ಟಿಯ ಹಿಂದೆಯೇ ಮೇಲಕ್ಕೆ ಏರಿ, ಪಟ್ಟಿ ಮುಗಿಯುವ ಮೂರಡಿಯಾಚೆ ಹೊರಬರುತ್ತದೆ. ಮೊದಲು ಮೊಣಕಾಲೆತ್ತರಕ್ಕಿದ್ದ ತೇವ ಈಗ ಸೊಂಟದೆತ್ತರಕ್ಕೆ ಬಂತು ಎಂದು ದೂರುವವರ ಮನೆಗೆ ಹೋಗಿ ನೋಡಿ, ಕೆಳಗೆ ಸಿಮೆಂಟ್ ಪಟ್ಟಿ ಇರುತ್ತದೆ.

ಅಷ್ಟಕ್ಕೇ ಮುಗಿಯುವುದಿಲ್ಲ. ನೀರಿನ ಜೊತೆ ನೆಲದ ಲವಣಗಳೂ ಏರುತ್ತವೆ. ನೀರು ಆವಿಯಾದ ಕಡೆ ಉಪ್ಪು ಹರಳುಗಟ್ಟಿ ಊದಿಕೊಂಡು ಗೋಡೆಯ ಮೈಯನ್ನು ಒಳಗಿನಿಂದ ನೂಕುತ್ತದೆ. ಬೆಳ್ಳಗೆ ಹಿಟ್ಟಿನಂತೆ ಉದುರುವುದು ಇದೇ. ಜೊತೆಗೆ ಮಣ್ಣು ಒದ್ದೆಯಾದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಸಿಮೆಂಟು ಹಾಗೆ ಬಾಗುವ ವಸ್ತುವಲ್ಲ. ಕೆಲವು ಮಳೆಗಾಲ ಕಳೆಯುವುದರೊಳಗೆ ಎರಡರ ನಡುವೆ ಪೊಳ್ಳು ಬೀಳುತ್ತದೆ. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಒಂದು ದಿನ ಸಿಮೆಂಟು ಇಡಿಯಾಗಿ ಹಪ್ಪಳೆ ಕಳಚಿ ಬೀಳುತ್ತದೆ, ಹಿಂದಿನ ಮಣ್ಣನ್ನೂ ಕಿತ್ತುಕೊಂಡು. ನಾವೇನು ಮಾಡುತ್ತೇವೆ? ಇನ್ನೊಂದು ಮೂಟೆ ಸಿಮೆಂಟು ತರುತ್ತೇವೆ, ಈ ಸಲ ಕೋಳಿಜಾಲರಿ ಬಡಿದು ಇನ್ನೂ ದಪ್ಪ ಹೊಡೆಸುತ್ತೇವೆ. ಮೂಟೆ 50 ಕೆ.ಜಿ.ಯದು, ತೇಪೆಗೆ ಬೇಕಾದದ್ದು ನಾಲ್ಕು ಬೊಗಸೆ. ಉಳಿದದ್ದು ಮುಂದಿನ ಮಳೆಯ ಹೊತ್ತಿಗೆ ಮೂಲೆಯಲ್ಲಿ ಕಲ್ಲಾಗಿರುತ್ತದೆ.

ನಮ್ಮೂರಿನಲ್ಲಿ ಹಿರಿಯ ಗಾರೆಯವರೊಬ್ಬರಿದ್ದಾರೆ, ಈಗ ಕೆಲಸ ಬಿಟ್ಟಿದ್ದಾರೆ. ನಡುಮನೆಯ ಗೋಡೆಗೆ ಏನು ಹಚ್ಚಲಿ ಎಂದು ಕೇಳಲು ಅವರ ಹತ್ತಿರ ಹೋಗಿದ್ದೆ. "ಹಚ್ಚೋದು ಆಮ್ಯಾಲೆ ಮೇಷ್ಟ್ರೆ. ನೀರು ಎಲ್ಲಿಂದ ಬತ್ತೈತೆ ಅದ್ನ ನೋಡಿದ್ರಾ?" ಎಂದರು. ಮನೆಗೆ ಬಂದು ಗೋಡೆಯನ್ನು ನೋಡದೆ ನೇರ ಹಿತ್ತಲಿಗೆ ನಡೆದರು. ಸೂರಿನ ನೀರು ಬೀಳುವ ಜಾಗದಲ್ಲಿ ಮಣ್ಣು ಕೊರೆದು ಗುಂಡಿಯಾಗಿತ್ತು, ನೆಲ ಗೋಡೆಯ ಕಡೆಗೇ ಇಳಿಜಾರಾಗಿತ್ತು. ಬಚ್ಚಲ ಮೋರಿಯ ಚಪ್ಪಡಿ ಬಿಟ್ಟುಕೊಂಡು ತಳಪಾಯ ನೀರು ಕುಡಿಯುತ್ತಿತ್ತು. "ಇದ್ನ ಬಿಟ್ಟು ಒಳಗೆ ಏನ್ ಬಳುದ್ರೂ ದಂಡ" ಎಂದು ಎದ್ದು ಹೋದರು. ಅವರು ಹೇಳಿದ್ದನ್ನು ಮಾಡಿದೆವು. ಸೂರಿನ ಕೆಳಗೆ ಮಣ್ಣೆತ್ತಿ ಹೊರಕ್ಕೆ ಇಳಿಜಾರು ಕೊಟ್ಟು, ಜಲ್ಲಿ ಹರಡಿ, ಮೋರಿ ಸರಿ ಮಾಡಿ, ಒಳಗಿನ ಸಿಮೆಂಟ್ ಪಟ್ಟಿಯನ್ನು ಉಳಿಯಿಂದ ಮೆಲ್ಲಗೆ ಬಿಡಿಸಿ, ಒಂದು ಇಡೀ ಬೇಸಗೆ ಗೋಡೆಯನ್ನು ಬರಿಮೈಯಲ್ಲಿ ಬಿಟ್ಟೆವು. ನೆಂಟರಿಷ್ಟರು ಬಂದಾಗ ಆ ಗೋಡೆ ನೋಡಲು ಚೆನ್ನಾಗಿರಲಿಲ್ಲ. ಮನಸ್ಸಿಲ್ಲದೆ ರಿಪೇರಿಗಿಳಿದವರಿಗೆ ಇದೇ ಬಹಳ ಕಷ್ಟದ ಭಾಗ. ಹಿಡಿದ ಕೆಲಸ ಒಂದು ಭಾನುವಾರದಲ್ಲಿ ಮುಗಿಯಲಿ ಎಂದು ಜೀವ ಹಾತೊರೆಯುತ್ತದೆ. ದಪ್ಪ ಮಣ್ಣಿನ ಗೋಡೆ ಒಣಗಲು ತಿಂಗಳುಗಳೇ ಬೇಕು. ಅದಕ್ಕೆ ಅಡ್ಡದಾರಿ ಇಲ್ಲ.

ಗೋಡೆ ಒಣಗಿದ ಮೇಲೆ ಮೆತ್ತುವ ಕೆಲಸ ಅಷ್ಟೇನೂ ಕಷ್ಟವಲ್ಲ. ಅದೇ ಗೋಡೆಯಿಂದ ಬಿದ್ದ ಮಣ್ಣೇ ಅದಕ್ಕೆ ಒಳ್ಳೆಯ ಮಣ್ಣು. ಆದರೆ ಉಪ್ಪು ಹಿಡಿದು ಬೆಳ್ಳಗಾದ ಭಾಗವನ್ನು ಬೇರೆ ಮಾಡಿ ಹೊರಗೆ ಹಾಕಬೇಕು. ಉಳಿದದ್ದನ್ನು ಜರಡಿ ಹಿಡಿದು, ಸಣ್ಣಗೆ ಕತ್ತರಿಸಿದ ಹುಲ್ಲು, ಸಗಣಿ ಸೇರಿಸಿ, ನೀರು ಹಾಕಿ ತುಳಿದು ಕೆಲವು ದಿನ ಕೊಳೆಯಲು ಬಿಡಬೇಕು. ಹುಲ್ಲಿನ ಎಳೆಗಳು ಬಿರುಕು ಹರಡದಂತೆ ಹಿಡಿಯುತ್ತವೆ. ಹೊಸ ಮಣ್ಣು ತರುವುದಾದರೆ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿಸಿ, ಚೆನ್ನಾಗಿ ಕುಲುಕಿ ಒಂದು ದಿನ ಇಟ್ಟು ನೋಡಿ. ಮರಳು ಮೊದಲು ತಳಕ್ಕೆ ಕೂರುತ್ತದೆ, ಅದರ ಮೇಲೆ ನುಣ್ಣನೆಯ ಮಣ್ಣು, ಎಲ್ಲಕ್ಕಿಂತ ಮೇಲೆ ಜೇಡಿ. ಜೇಡಿ ಜಾಸ್ತಿಯಿದ್ದರೆ ಒಣಗುವಾಗ ಬಿರುಕು ಬಿಡುತ್ತದೆ, ಮರಳು ಜಾಸ್ತಿಯಿದ್ದರೆ ಕೈ ಸೋಕಿದರೆ ಉದುರುತ್ತದೆ. ಕೆರೆಗೋಡು ಜಿಗುಟಾಗಿದೆ ಎಂದು ಅದನ್ನೊಂದನ್ನೇ ಬಳಸಬೇಡಿ, ಮರಳು ಬೆರೆಸದಿದ್ದರೆ ಅದು ಸೀಳುತ್ತದೆ. ಮೆತ್ತುವ ಮುಂಚೆ ಹಳೇ ಗೋಡೆಗೆ ನೀರು ಚಿಮುಕಿಸಲೇಬೇಕು. ಒಣ ಗೋಡೆ ಹೊಸ ಮಣ್ಣಿನ ನೀರನ್ನು ಹೀರಿಕೊಂಡರೆ ಹಿಡಿತ ಬರುವುದಿಲ್ಲ. ತೆಳುವಾಗಿ ಎರಡು ಮೂರು ಸಲ ಹಚ್ಚಿ, ಒಂದು ಆರಿದ ಮೇಲೆ ಇನ್ನೊಂದು.

ಮೇಲೆ ಬಣ್ಣಕ್ಕೆ ಸುಣ್ಣವೇ ಸರಿ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಅದರಲ್ಲಿದ್ದ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ನೀರು ಹಾಕಿ ಅರಳಿಸಿ ಗೋಡೆಗೆ ಬಳಿದ ಸುಣ್ಣ ಗಾಳಿಯಿಂದ ಅದನ್ನು ನಿಧಾನವಾಗಿ ಮರಳಿ ಪಡೆದು ಮತ್ತೆ ಕಲ್ಲಾಗುತ್ತದೆ. ಬಳಿದ ದಿನಕ್ಕಿಂತ ತಿಂಗಳ ಮೇಲೆ ಅದು ಗಟ್ಟಿಯಾಗಿ, ಬೆಳ್ಳಗಾಗಿ ಕಾಣುವುದು ಇದರಿಂದ. ತೇವವನ್ನು ಅದು ಹೊರಗೆ ಬಿಡುತ್ತದೆ, ಗೋಡೆಗೆ ಬೂಷ್ಟು ಹಿಡಿಯಲು ಬಿಡುವುದಿಲ್ಲ. ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ಸಿಮೆಂಟ್ ಪಟ್ಟಿಯದೇ ಕಥೆ, ಬಣ್ಣ ಗುಳ್ಳೆಗುಳ್ಳೆಯಾಗಿ ಏಳುತ್ತದೆ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಸುಣ್ಣ ಅರಳುವಾಗ ನೀರು ಕೊತಕೊತ ಕುದಿಯುತ್ತದೆ, ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು. ಮಕ್ಕಳನ್ನು ಹತ್ತಿರ ಬಿಡಬೇಡಿ, ಕನ್ನಡಕ ಹಾಕಿಕೊಳ್ಳಿ. ಅಕಸ್ಮಾತ್ ಬಿದ್ದರೆ ಬಹಳ ಹೊತ್ತು ಧಾರೆ ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ.

ನಾನು ಸಿಮೆಂಟಿನ ಮೇಲೆ ಹಗೆ ಸಾಧಿಸುತ್ತಿಲ್ಲ. ಸರಿಯಾದ ಜಾಗದಲ್ಲಿ ಅದಕ್ಕೂ ಕೆಲಸವಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದೇ ಅಸ್ತ್ರ ಎಂಬ ಕೇಂದ್ರ ಕಟ್ಟಿದರು.  ಅದರ ವಿಸ್ತರಣಾ ಕೇಂದ್ರ ಇದ್ದದ್ದು ನಮ್ಮದೇ ತುಮಕೂರು ಜಿಲ್ಲೆಯಲ್ಲಿ, ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಅಸ್ತ್ರದ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿನ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ದುಡಿದರು. ಮರಳು ಬೆರೆತ ಕೆಮ್ಮಣ್ಣಿಗೆ ನೂರಕ್ಕೆ 5ರಿಂದ 8 ಪಾಲು ಸಿಮೆಂಟು ಸೇರಿಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಅಚ್ಚು ಹಾಕಿದರೆ ಸುಡದೆಯೇ ಗಟ್ಟಿ ಇಟ್ಟಿಗೆ ಸಿಗುತ್ತದೆ ಎಂಬುದು ಈಗ ನೂರಾರು ಮನೆಗಳಲ್ಲಿ ಕಣ್ಣಿಗೆ ಕಾಣುವ ಸತ್ಯ. ಅಲ್ಲಿ ಸಿಮೆಂಟು ಮಣ್ಣಿನೊಳಗೆ ಬೆರೆತು ಕೆಲಸ ಮಾಡುತ್ತದೆ, ಮೇಲೆ ಕವಚವಾಗಿ ಕೂರುವುದಿಲ್ಲ. ಕೇರಳದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ ಕೂಡ ಮಣ್ಣಿನ ಮನೆಯ ಬಗ್ಗೆ ಸಾಮಾನ್ಯ ಜನರಿಗೆಂದೇ ಚಿತ್ರ ಬರೆದು ಪುಸ್ತಿಕೆಗಳನ್ನು ಮಾಡಿದರು. ವಿಜ್ಞಾನಿಗಳು, ವಾಸ್ತುಶಿಲ್ಪಿಗಳು ಗೌರವದಿಂದ ನೋಡಿದ ಮಣ್ಣನ್ನು ನಾವು ಬಡತನದ ಗುರುತು ಎಂದು ಮುಚ್ಚಿಡುತ್ತಿದ್ದೇವೆ. ಇದು ನನಗೆ ನಿಜವಾಗಿ ನೋವಿನ ಸಂಗತಿ.

ಗೋಡೆಗೆ ಶೆಲ್ಫ್ ಹಾಕುವ ವಿಷಯಕ್ಕೆ ಬರೋಣ. ಡ್ರಿಲ್ಲಿಂಗ್ ಮಷೀನು ಈಗ ಮನೆಮನೆಯಲ್ಲಿದೆ. ಮಣ್ಣಿನ ಗೋಡೆಗೆ ತೂತು ಕೊರೆದು, ಪ್ಲಾಸ್ಟಿಕ್ ಪ್ಲಗ್ ತೂರಿಸಿ, ಸ್ಕ್ರೂ ತಿರುಗಿಸಿದರೆ ಪ್ಲಗ್ಗೇ ಸುತ್ತುತ್ತದೆ. ತೂತು ದೊಡ್ಡದಾಗುತ್ತದೆ, ಇನ್ನೂ ದಪ್ಪ ಪ್ಲಗ್ ತರಲು ತಿಪಟೂರಿಗೆ ಬಸ್ಸು ಹತ್ತಬೇಕು. ಸ್ಕ್ರೂ ಬಿಗಿಯಾದಂತೆ ಪ್ಲಗ್ ಅರಳಿ ಸುತ್ತಲ ಗೋಡೆಯನ್ನು ಒತ್ತಿ ಹಿಡಿಯುವುದು ಅದರ ಮರ್ಮ. ಇಟ್ಟಿಗೆ, ಕಾಂಕ್ರೀಟು ಆ ಒತ್ತಡ ತಡೆಯುತ್ತವೆ, ಮಣ್ಣು ಪುಡಿಯಾಗುತ್ತದೆ. ಹಿಂದಿನವರು ಗೋಡೆ ಕಟ್ಟುವಾಗಲೇ ಗೂಟಗಳನ್ನು ಇಟ್ಟು ಕಟ್ಟುತ್ತಿದ್ದರು, ದೀಪಕ್ಕೆ, ಡಬ್ಬಿಗೆ ಗೂಡು ಬಿಡುತ್ತಿದ್ದರು. ನಮಗೆ ಈಗ ಉಳಿದ ದಾರಿ ಭಾರವನ್ನು ಗೋಡೆಯ ಮೇಲೆ ಹಾಕದಿರುವುದು. ನೆಲದ ಮೇಲೆ ಕಾಲೂರಿ ನಿಲ್ಲುವ ಸ್ಟ್ಯಾಂಡು ಇಡಿ, ಇಲ್ಲವೇ ತೊಲೆಯಿಂದ ಇಳಿಬಿಡಿ. ಟಿ.ವಿ.ಯನ್ನಂತೂ ಮಣ್ಣಿನ ಗೋಡೆಗೆ ನೇತುಹಾಕಲೇಬೇಡಿ.

ಮಾಡಿನ ವಿಷಯ ಇನ್ನೂ ಸೂಕ್ಷ್ಮದ್ದು. ಮಂಗಳೂರು ಹೆಂಚು ನಮ್ಮ ಬಯಲುಸೀಮೆಯಲ್ಲಿ ಎಷ್ಟು ಸಾಮಾನ್ಯವೆಂದರೆ ಅದು ದೂರದಿಂದ ಬಂದದ್ದು ಎಂಬುದೇ ಮರೆತುಹೋಗಿದೆ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ನೇತ್ರಾವತಿಯ ದಂಡೆಯ ಜೇಡಿಯಿಂದ ಇದನ್ನು ಮಾಡಲು ಆರಂಭಿಸಿದ. ಒಂದು ಹೆಂಚಿನ ಅಂಚು ಪಕ್ಕದ ಹೆಂಚಿನ ಗಾಡಿಯೊಳಗೆ ಕೂರುತ್ತದೆ, ಹಿಂಬದಿಯ ಗುಬಟು ರೀಪಿಗೆ ಸಿಕ್ಕಿಕೊಳ್ಳುತ್ತದೆ. ಮೊಳೆ ಇಲ್ಲ, ಗಾರೆ ಇಲ್ಲ. ಹಾಗಾಗಿ ಒಂದು ಒಡೆದರೆ ಅದೊಂದನ್ನೇ ಬದಲಿಸಬಹುದು, ಅದೂ ಒಳಗಿನಿಂದಲೇ. ಅಟ್ಟದಲ್ಲಿ ನಿಂತು ಮೇಲಿನ ಸಾಲಿನ ಹೆಂಚನ್ನು ಸ್ವಲ್ಪ ಎತ್ತಿ, ಒಡೆದದ್ದನ್ನು ಎಳೆದು, ಹೊಸದನ್ನು ತೂರಿಸಿದರೆ ಆಯಿತು. ಮಾಡು ಹತ್ತುವ ಅಪಾಯ ಎಷ್ಟೋ ಕಡಿಮೆಯಾಗುತ್ತದೆ. ತೆಂಗಿನ ಮರವನ್ನು ಸರಸರನೆ ಹತ್ತುವವರೂ ಪಾಚಿ ಹಿಡಿದ ಹೆಂಚಿನ ಮೇಲೆ ಜಾರುತ್ತಾರೆ. ಹತ್ತಲೇಬೇಕಾದರೆ ಮಳೆ ನಿಂತು ಚೆನ್ನಾಗಿ ಒಣಗಿದ ಮೇಲೆ, ಹಲಗೆ ಹಾಸಿಕೊಂಡು, ಕೆಳಗೆ ಒಬ್ಬರನ್ನು ನಿಲ್ಲಿಸಿಕೊಂಡು ಹತ್ತಿ.

ಸೋರುವ ಜಾಗ ಹುಡುಕುವುದರಲ್ಲಿ ಎಲ್ಲರೂ ಸುಸ್ತಾಗುತ್ತಾರೆ. ಕೆಳಗೆ ಹನಿ ಬಿದ್ದ ಕಡೆ ನೇರ ಮೇಲೆ ನೋಡುತ್ತೇವೆ, ಅಲ್ಲಿ ಹೆಂಚು ಸರಿಯಾಗಿಯೇ ಇರುತ್ತದೆ. ಒಡಕಿನಿಂದ ಇಳಿದ ನೀರು ರೀಪು, ಗಳುಗಳ ಅಡಿ ಹಿಡಿದು ಹರಿದು, ಎಲ್ಲೋ ಒಂದು ಗಂಟು ಅಡ್ಡ ಬಂದ ಕಡೆ ತೊಟ್ಟಿಕ್ಕುತ್ತದೆ. ಮಾಡಿನ ಇಳಿಜಾರಿನಲ್ಲಿ ಮೇಲಕ್ಕೆ ಹುಡುಕುತ್ತಾ ಹೋಗಬೇಕು. ಸುಲಭದ ಉಪಾಯವೆಂದರೆ ಬಿಸಿಲಿರುವ ಮಧ್ಯಾಹ್ನ ಅಟ್ಟದ ಬೆಳಕಿಂಡಿ ಮುಚ್ಚಿ ಕತ್ತಲು ಮಾಡಿಕೊಂಡು ನೋಡುವುದು. ಒಡಕಿರುವಲ್ಲೆಲ್ಲ ಬೆಳಕಿನ ಚುಕ್ಕೆ ಕಾಣುತ್ತದೆ, ಅಲ್ಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬದಲಿ ಹೆಂಚು ತರುವಾಗ ಒಡೆದ ಹೆಂಚಿನ ಒಂದು ಚೂರು, ಅದರ ಮೇಲಿನ ಕಾರ್ಖಾನೆಯ ಹೆಸರಿರುವ ಭಾಗವನ್ನೇ ಕೈಯಲ್ಲಿ ಹಿಡಿದು ಹೋಗಿ. ಒಂದು ಕಾರ್ಖಾನೆಯ ಹೆಂಚು ಇನ್ನೊಂದರ ಜೊತೆ ಸರಿಯಾಗಿ ಕೂರುವುದಿಲ್ಲ. ಕಣ್ಣಿಗೆ ಎರಡೂ ಒಂದೇ, ಅಂಚಿನಲ್ಲಿ ಮಾತ್ರ ಕಡ್ಡಿಯಷ್ಟು ಸಂದು ಉಳಿಯುತ್ತದೆ. ಹಸ್ತ, ಚಿತ್ತೆಯ ಗಾಳಿಮಳೆಗೆ ಅಷ್ಟು ಸಾಕು. ಕೆಡವಿದ ಮನೆಗಳ ಹಳೇ ಹೆಂಚು ಸಿಕ್ಕರೆ ಕೊಂಡಿಟ್ಟುಕೊಳ್ಳಿ. ತೊಟ್ಟಿಮನೆಯಾದರೆ ಎರಡು ಮಾಡು ಕೂಡುವ ಮೂಲೆಯ ತಗಡಿನ ದೋಣಿಯನ್ನು ಮರೆಯಬೇಡಿ. ಅರ್ಧಕ್ಕರ್ಧ ಸೋರಿಕೆಗೆ ಆ ದೋಣಿಯಲ್ಲಿ ಸಿಕ್ಕಿದ ಎಲೆ, ತೆಂಗಿನ ಗರಿಯ ಚೂರು, ಕೋತಿ ಎಸೆದ ಕರಟಗಳೇ ಕಾರಣ.

ನಮ್ಮ ಸೀಮೆಯಲ್ಲಿ ಸೋರಿಕೆಯ ಬೆಲೆ ಹೆಚ್ಚು. ಉಂಡೆ ಕೊಬ್ಬರಿಗೆಂದು ಇಟ್ಟ ಕಾಯಿ ಅಟ್ಟದ ಮೇಲೆ ಎಂಟು ತಿಂಗಳಿಂದ ವರ್ಷದವರೆಗೆ ಇರುತ್ತದೆ, ಒಳಗಿನ ನೀರು ತಾನಾಗಿ ಆರಿ ಕೊಬ್ಬರಿ ಚಿಪ್ಪು ಬಿಡುವವರೆಗೆ. ಅದಕ್ಕೆ ಒಣ ಗಾಳಿ, ಕೆಳಗಿನ ಒಲೆಯ ಕಾವು ಎರಡೂ ಬೇಕು. ಮಾಡಿನ ಒಂದು ಒಡಕು ಕೆಳಗಿನ ರಾಶಿಗೆ ಬೂಷ್ಟು ಹಿಡಿಸಿದರೆ ತಿಪಟೂರಿನ ಹರಾಜಿನಲ್ಲಿ ಆ ಕೊಬ್ಬರಿಯ ದರ್ಜೆಯೇ ಇಳಿಯುತ್ತದೆ. ಭಾರದ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಸಾವಿರ ಕಾಯಿ ಅಂದರೆ ಸುಮಾರು ಒಂದು ಟನ್ನು. ತೊಲೆಯ ತುದಿ ಗೋಡೆಯೊಳಗೆ ಕೂತ ಕಡೆ ತೇವ ಬಡಿದು ಮೆತ್ತಗಾಗಿದ್ದರೆ ಈ ಭಾರ ಅದೇ ತುದಿಯ ಮೇಲೆ ಬೀಳುತ್ತದೆ. ವರ್ಷಕ್ಕೊಮ್ಮೆ ಅಟ್ಟ ಖಾಲಿಯಾದಾಗ ಚಾಕುವಿನ ಮೊನೆಯಿಂದ ತೊಲೆಯ ತುದಿಗಳನ್ನು ಚುಚ್ಚಿ ನೋಡಿ. ಮೊನೆ ಸಲೀಸಾಗಿ ಇಳಿದರೆ ಅದು ನಿಮ್ಮ ಕೆಲಸವಲ್ಲ, ಬಡಗಿಯನ್ನು ಎಷ್ಟೇ ಕಾಡಿಬೇಡಿಯಾದರೂ ಕರೆತನ್ನಿ.

ತೆಂಗಿನ ಮರದ ತೊಲೆ, ರೀಪುಗಳಿಗೆ ಮೊಳೆ ಹೊಡೆಯುವವರ ಸಿಟ್ಟಿಗೂ ಒಂದು ಕಾರಣವಿದೆ. ಬೇವು, ಹಲಸಿನ ಮರದಲ್ಲಿ ಗಟ್ಟಿ ಇರುವುದು ಒಳಗೆ, ಚೇಗಿನಲ್ಲಿ. ತೆಂಗು ಹುಲ್ಲಿನ, ಬಿದಿರಿನ ಕಡೆಯ ಏಕದಳ ಸಸ್ಯ. ಅದರಲ್ಲಿ ವರ್ಷದ ಉಂಗುರಗಳಿಲ್ಲ, ಗಟ್ಟಿ ಇರುವುದೆಲ್ಲ ಹೊರಗೆ, ನಡುವೆ ಮೆತ್ತನೆಯ ತಿರುಳು. ಹೊರಮೈಗೆ ಹೊಡೆದ ಮೊಳೆ ಸೊಟ್ಟಗಾಗುತ್ತದೆ, ಇಲ್ಲವೇ ಮರ ಸೀಳುತ್ತದೆ. ಒಳಮೈಗೆ ಹೊಡೆದ ಮೊಳೆ ಹಿಡಿಯುವುದೇ ಇಲ್ಲ. ಮೊಳೆಗಿಂತ ಸಣ್ಣ ತೂತು ಮೊದಲು ಕೊರೆದುಕೊಂಡು, ಹೊರಭಾಗದ ಕಪ್ಪು ಗಟ್ಟಿಯಲ್ಲೇ ಹೊಡೆಯಬೇಕು. ಹೊಸ ರೀಪು ಸೀಳಿಸುವುದಾದರೆ 60 ವರ್ಷ ದಾಟಿದ ಮರದ ಬುಡದ ಕಡೆಯದನ್ನೇ ಆರಿಸಿ. ರೋಗ ಬಿದ್ದು ಕಡಿದ ಎಳೇ ಮರವನ್ನು ಮಾಡಿಗೆ ಏರಿಸಬೇಡಿ. ಗೆದ್ದಲು ಹತ್ತಿದ್ದರೆ ಅದು ಕಟ್ಟಿದ ಮಣ್ಣಿನ ದಾರಿಯನ್ನು ಕೆರೆದು, ನೆಲದಿಂದ ಎಲ್ಲಿ ಹೊರಟಿದೆ ನೋಡಿ. ಅಲ್ಲಿ ತೇವ ಇದ್ದೇ ಇರುತ್ತದೆ, ಅದನ್ನು ಆರಿಸದೆ ಮದ್ದು ಹೊಡೆದರೆ ಗೆದ್ದಲು ಬೇರೆ ದಾರಿ ಹಿಡಿಯುತ್ತದೆ. ಗೇರೆಣ್ಣೆ ಬಳಿಯುವವರು ಕೈಗೆ ಗ್ಲೌಸ್ ಹಾಕಿಕೊಳ್ಳಿ, ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ.

ನಲ್ಲಿ ತೊಟ್ಟಿಕ್ಕುವುದು, ಬೋರ್ ನೀರಿನ ಸುಣ್ಣ ಕಟ್ಟಿ ಷವರ್ ಮುಚ್ಚಿಹೋಗುವುದು ಇವೆಲ್ಲ ಸಣ್ಣ ಕೆಲಸ, ಯಾರು ಬೇಕಾದರೂ ಕಲಿಯಬಹುದು. ವಿದ್ಯುತ್ತಿಗೆ ಮಾತ್ರ ಕೈ ಹಾಕಬೇಡಿ. ಮರದ ಪಟ್ಟಿಯೊಳಗೆ ಎಳೆದ ಹಳೇ ವೈರಿಂಗ್ ಇನ್ನೂ ಎಷ್ಟೋ ಮನೆಗಳಲ್ಲಿದೆ. ಒದ್ದೆ ಗೋಡೆ, ಬಿರುಕು ಬಿಟ್ಟ ವೈರು, 230 ವೋಲ್ಟು ಈ ಮೂರೂ ಸೇರಿದರೆ ಜೀವಕ್ಕೇ ಸಂಚಕಾರ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದ ಅರ್ತಿಂಗ್ ಪರೀಕ್ಷೆ ಮಾಡಿಸಿ, 30 ಮಿಲಿ ಆಂಪಿಯರಿಗೆ ಕಡಿದುಕೊಳ್ಳುವ ಆರ್‌ಸಿಸಿಬಿ ಹಾಕಿಸಿ. ಬಣ್ಣಕ್ಕೆ ಖರ್ಚು ಮಾಡುವ ಮೊದಲು ಇದಕ್ಕೆ ಮಾಡಿ.

ಮನೆಯವರ ಕೈಯಲ್ಲಿಲ್ಲದ ಒಂದು ತೊಂದರೆಯನ್ನೂ ಹೇಳಬೇಕು. ಹಳ್ಳಿಗಳಲ್ಲಿ ಸಿ.ಸಿ. ರಸ್ತೆ ಹಾಕುವಾಗ ಹಳೆಯದನ್ನು ಅಗೆಯದೆ ಅದರ ಮೇಲೇ ಹೊಸದನ್ನು ಹಾಕುತ್ತಾ ಹೋಗುತ್ತಾರೆ. ಜಗಲಿಯಿಂದ ಎರಡು ಮೆಟ್ಟಿಲು ಕೆಳಗಿದ್ದ ಬೀದಿ ಈಗ ಹೊಸ್ತಿಲ ಮಟ್ಟಕ್ಕೆ ಬಂದಿದೆ, ಕೆಲವು ಕಡೆ ಅದಕ್ಕಿಂತ ಮೇಲಿದೆ. ಕಲ್ಲಿನ ತಳಪಾಯ ನೆಲದೊಳಗೆ ಹೂತು, ಬೀದಿಯ ನೀರು ನೇರ ಮಣ್ಣಿನ ಗೋಡೆಗೆ ತಗಲುತ್ತಿದೆ. ಅಂಗಳಕ್ಕೂ ನಾವೇ ಕಾಂಕ್ರೀಟು ಹಾಕಿಸಿ ನೆಲದ ತೇವಕ್ಕೆ ಹೊರಬರುವ ಜಾಗವನ್ನೇ ಮುಚ್ಚುತ್ತೇವೆ. ಗೋಡೆಯೊಂದೇ ಅದಕ್ಕೆ ಉಳಿಯುವ ದಾರಿ. ಗ್ರಾಮಸಭೆಯಲ್ಲಿ ರಸ್ತೆ ಬೇಕು ಎಂದು ಕೇಳುವಾಗಲೇ, ಹಳೇ ಮಟ್ಟಕ್ಕಿಂತ ಮೇಲೆ ಬರಬಾರದು, ಗೋಡೆಯ ಪಕ್ಕ ಚರಂಡಿ ಇರಬೇಕು ಎಂದೂ ಬರೆಸಿ. ಇದಕ್ಕೆ ಹೆಚ್ಚಿನ ದುಡ್ಡು ಬೇಕಿಲ್ಲ, ಅಗೆದು ಹಾಕುವ ಮನಸ್ಸು ಬೇಕು. ಐ.ಟಿ.ಐ.ಗಳಲ್ಲಿ ಗಾರೆ ಕೆಲಸ ಕಲಿಯುವ ಮಕ್ಕಳಿಗೆ ಕೆಲವು ವಾರವಾದರೂ ಮಣ್ಣು, ಸುಣ್ಣ ಕಲಿಸಿದರೆ ಅವರಿಗೂ ಹೊಸ ಅನ್ನದ ದಾರಿ, ನಮಗೂ ಕರೆಯಲು ಒಬ್ಬರು ಸಿಗುತ್ತಾರೆ.

ಶಿವರಾತ್ರಿ ಕಳೆದಿದೆ. ಭರಣಿ ಮಳೆ ಬರುವುದು ಏಪ್ರಿಲ್ ಕೊನೆಗೆ. ಅಷ್ಟರೊಳಗೆ ಹೆಂಚು ಕೈಯಾಡಿಸಿ, ದೋಣಿ ತೊಳೆದು, ಗೋಡೆಯ ಬುಡದ ನೀರನ್ನು ಹೊರಕ್ಕೆ ತಿರುಗಿಸಿ, ಟೊಳ್ಳಾದ ಸಿಮೆಂಟನ್ನು ಬಿಡಿಸಿ ಗೋಡೆಯನ್ನು ಬಿಸಿಲಿಗೆ, ಗಾಳಿಗೆ ಬಿಡಿ. ನಿಮ್ಮ ಊರಿನಲ್ಲಿ ಮಣ್ಣಿನ ಗಾರೆ ಬಲ್ಲ ಹಿರಿಯರು ಒಬ್ಬರಾದರೂ ಇನ್ನೂ ಇರುತ್ತಾರೆ. ಅವರನ್ನು ಈ ಬೇಸಗೆಯಲ್ಲೇ ಮನೆಗೆ ಕರೆಸಿ, ಪೂರ್ತಿ ಕೂಲಿ ಕೊಟ್ಟು ಒಂದೇ ಒಂದು ಗೋಡೆ ಮಾಡಿಸಿ, ಮನೆಯ ಹುಡುಗರನ್ನು ಅವರ ಜೊತೆ ಮಣ್ಣು ತುಳಿಯಲು ನಿಲ್ಲಿಸಿ.